ಅರಕಲಗೂಡಿನಿಂದ ಹಾಸನಕ್ಕೆ ಲಗ್ನಪತ್ರಿಕೆ ಹೋದ ಬಗೆ

ಅಚ್ಚಿನ ಕೆಲಸದಲ್ಲಿ ಇರುವವರು ನಗುವುದಕ್ಕೆಂದು ಬೇರೆ ಬಿಡುವು ಮಾಡಿಕೊಳ್ಳಬೇಕಾಗಿಲ್ಲ. ಕೆಲಸ ಕೆಟ್ಟ ದಿನವೇ ನಗುವಿನ ದಿನವೂ ಆಗಿರುತ್ತದೆ. ಅದು ನಮಗೆ ತಿಳಿಯಲು ಮಾತ್ರ ಒಂದೆರಡು ವರ್ಷ ಹಿಡಿಯುತ್ತದೆ. ನನ್ನ ಪಾಲಿಗೆ ಅಂಥ ದಿನಗಳು ಸಾಲಾಗಿ ಬಂದವು. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ನಾಲ್ಕನೆಯ ತರಗತಿಯವರೆಗೆ ಓದಿದವಳು. ನನಗೆ ಬರೆಯುವ ಕನ್ನಡ ಬಂದದ್ದು ಲಗ್ನಪತ್ರಿಕೆಗಳಿಂದ. ಈ ಬರಹದಲ್ಲಿ ಎಲ್ಲಿಯಾದರೂ ಆಗಮನಾಭಿಲಾಷಿಯ ಧಾಟಿ ಕಂಡರೆ ಓದುವವರು ಮನ್ನಿಸಬೇಕು.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳ ಮಾತು. ಹಾಸನದಲ್ಲಿ ನಮ್ಮ ಮಾಲೀಕರ ಪ್ರೆಸ್ಸು ಇತ್ತು. ಅದಕ್ಕೆ ಸೇರಿದಂತೆ ಹೊಳೆನರಸೀಪುರ, ಚನ್ನರಾಯಪಟ್ಟಣ ಮತ್ತು ಅರಕಲಗೂಡಿನಲ್ಲಿ ಒಂದೊಂದು ಸಣ್ಣ ಅಂಗಡಿ. ಅಂಗಡಿಗೊಂದು ಕಂಪ್ಯೂಟರು, ಅದರ ಮುಂದೆ ಒಬ್ಬ ಆಪರೇಟರು. ಮದುವೆ, ಗೃಹಪ್ರವೇಶ, ನಾಮಕರಣಗಳ ಪತ್ರಿಕೆಯನ್ನು ನಾವು ಊರಿನಲ್ಲೇ ಟೈಪು ಮಾಡಿ ಹಾಸನಕ್ಕೆ ಕಳಿಸಬೇಕು, ಅಚ್ಚಾಗುವುದು ಅಲ್ಲಿ. ಅರಕಲಗೂಡಿನ ಅಂಗಡಿಗೆ ನಾನು ಸೇರಿದ್ದು ಕಸ ಗುಡಿಸಲು ಮತ್ತು ಕಾರ್ಡು ಮಡಿಸಲು. ಅಲ್ಲಿದ್ದ ಆಪರೇಟರು ಮದುವೆಯಾಗಿ ಬೇರೆ ಊರಿಗೆ ಹೋದಾಗ, ಅವಳ ಬೆರಳುಗಳನ್ನು ಎರಡು ವರ್ಷ ನೋಡಿ ನೋಡಿ ಕಲಿತಿದ್ದ ನಾನೇ ಆ ಕುರ್ಚಿಯಲ್ಲಿ ಕುಳಿತೆ. ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟುವ ಕೂಲಿ ಮಾಡಿದ್ದೆ. ಆ ಕೆಲಸದಲ್ಲಿ ಕೈ ಕಪ್ಪಾಗುತ್ತದೆ, ಎದೆ ಕೆಮ್ಮುತ್ತದೆ, ಉಣ್ಣುವ ಅನ್ನವೂ ಕಹಿಯಾಗುತ್ತದೆ. ಕುರ್ಚಿಯಲ್ಲಿ ಕುಳಿತ ಮೊದಲ ದಿನವೇ ಮತ್ತೆ ಆ ಕಡೆ ಹೋಗಬಾರದೆಂದು ನಿಶ್ಚಯಿಸಿಕೊಂಡೆ.

೧. ದೇವರ ಪಾದದಲ್ಲಿ

ಆ ಕಾಲದಲ್ಲಿ ನಮ್ಮ ಫೈಲುಗಳು ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದವು. ಟೈಪಾದ ಪತ್ರಿಕೆಯನ್ನು ಫ್ಲಾಪಿಗೆ ಹಾಕಿ, ಫ್ಲಾಪಿಯನ್ನು ಕವರಿಗೆ ಹಾಕಿ, ಬೆಳಗಿನ ಬಸ್ಸಿನ ಡ್ರೈವರ ಕೈಗೆ ಕೊಡುತ್ತಿದ್ದೆ. ಹಾಸನದ ನಿಲ್ದಾಣದಲ್ಲಿ ಪ್ರೆಸ್ಸಿನವರು ತೆಗೆದುಕೊಳ್ಳುತ್ತಿದ್ದರು.

ಒಮ್ಮೆ ಮೂರು ವಾರ ಒಂದೇ ಸಮನೆ ಹಾಸನದಿಂದ ಫೋನು: "ಏನಮ್ಮ, ಖಾಲಿ ಫ್ಲಾಪಿ ಕಳಿಸ್ತಿದೀಯಲ್ಲ!"

ನಾನು ತುಂಬಿಸಿದ್ದೇನೆ ಎನ್ನುವುದು, ಅವರು ಖಾಲಿ ಇದೆ ಎನ್ನುವುದು. ನನಗೆ ಟೈಪು ಬಾರದು ಎಂದು ಮಾಲೀಕರು ತಿಳಿದಾರೆಂಬ ಹೆದರಿಕೆಗೆ ಒಂದೊಂದು ಪತ್ರಿಕೆಯನ್ನೂ ಎರಡೆರಡು ಫ್ಲಾಪಿಗೆ ಹಾಕಿದೆ. ಎರಡೂ ಖಾಲಿಯಾಗಿ ತಲುಪಿದವು.

ಕಡೆಗೆ ನಮ್ಮ ನಾಲ್ಕೂ ಕಡೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಂಪ್ಯೂಟರ್ ಮೇಷ್ಟ್ರು ಆ ಬಸ್ಸಿನ ಮುಂದಿನ ಸೀಟಿನಲ್ಲೇ ಕುಳಿತು ಹೋದರು. ಡ್ರೈವರು ಬಹಳ ಭಕ್ತರು. ಕವರನ್ನು ಕಣ್ಣಿಗೊತ್ತಿಕೊಂಡು, ಗಾಜಿನ ಕೆಳಗಿದ್ದ ಸಣ್ಣ ವಿಗ್ರಹವನ್ನು ಎತ್ತಿ, ಅದರ ಪಾದದಡಿಗೆ ಇಟ್ಟರು. ಬಸ್ಸು ಕುಲುಕಿದರೂ ಬೀಳಬಾರದೆಂದು ಆ ವಿಗ್ರಹವನ್ನು ದಪ್ಪನೆಯ ಅಯಸ್ಕಾಂತದ ಮೇಲೆ ಕೂರಿಸಿದ್ದರು. ಫ್ಲಾಪಿಗೆ ಅಯಸ್ಕಾಂತ ತಾಗಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಮೇಷ್ಟ್ರು ತಿಳಿಸಿ ಹೇಳಿದರು.

ಡ್ರೈವರಿಗೆ ಕೋಪ ಬಂತು. "ದೇವ್ರ ಪಾದದಲ್ಲಿ ಮಡಗಿ ತಂದಿವ್ನಿ ಸಾ! ಇದ್ಕಿಂತ ಜ್ವಾಪಾನ ಇನ್ನೆಂಗ್ ಮಾಡಾದು?"

"ನಿಮ್ಮ ಬೀಡಿ ಕಟ್ಟಿನ ಜೊತೆ ಇಟ್ಟು ತನ್ನಿ, ಸಾಕು" ಎಂದರು ಮೇಷ್ಟ್ರು.

ಮರುದಿನದಿಂದ ಲಗ್ನಪತ್ರಿಕೆಗಳು ಬೀಡಿಯ ಜೊತೆಯಲ್ಲಿ ಕ್ಷೇಮವಾಗಿ ತಲುಪತೊಡಗಿದವು. ಡ್ರೈವರು ಮಾತ್ರ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು: "ಅಲ್ಲ ಕಣಕ್ಕ, ದೇವ್ರಿಂದ ದೂರ ಮಡಗಿದ್ರೇನೇ ಮದುವೆ ಸಲೀಸು ಅನ್ನು!"

೨. ಬಾಗಿಲು ತೆರೆದ ಅಜ್ಜಿ

ಇದಾದ ಕೆಲವೇ ದಿನಗಳಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಪತ್ರಿಕೆ ಮಾಡಿಸಲು ಬಂದರು. ಎಲ್ಲವನ್ನೂ ಓದಿ ಹೇಳಿದೆ. ತಲೆದೂಗಿದರು. ಫ್ಲಾಪಿಯನ್ನು ಕವರಿಗೆ ಹಾಕುವ ಹೊತ್ತಿಗೆ ಕೈ ಹಿಡಿದರು.

"ಅರಿಶಿನ ಹಚ್ದೆ ಪತ್ರಿಕೆ ಊರ್ ದಾಟ್ಸಬಾರ್ದು ಕನವ್ವ."

"ಅಜ್ಜಿ, ಕಾರ್ಡು ಇನ್ನೂ ಅಚ್ಚಾಗಿಲ್ಲ. ಹಾಸನದಿಂದ ಬಂದ ಮೇಲೆ ಹಚ್ಚಿ."

"ಮತ್ತೆ ಈಗ ಓದಿದ್ಯಲ್ಲ, ಅದೆಲ್ಲೈತೆ?"

"ಇದರೊಳಗಿದೆ."

"ಒಳಗೈತೆ ತಾನೆ? ಕೊಡಿಲ್ಲಿ."

ಸೆರಗಿನ ಗಂಟು ಬಿಚ್ಚಿ ಅರಿಶಿನ ತೆಗೆದರು. ನನ್ನ ಲೋಟದ ನೀರಿನಲ್ಲೇ ಕಲಸಿದರು. ಫ್ಲಾಪಿಯ ನಾಲ್ಕು ಮೂಲೆಗೂ ಹಚ್ಚಿದರು. ಅಷ್ಟಕ್ಕೇ ನಿಂತಿದ್ದರೆ ಒರೆಸಿ ಕಳಿಸಬಹುದಿತ್ತು. ಫ್ಲಾಪಿಗೆ ತಗಡಿನ ಒಂದು ಸಣ್ಣ ಬಾಗಿಲು ಇರುತ್ತದೆ. ಅಜ್ಜಿ ಅದನ್ನು ಹೆಬ್ಬೆರಳಿನಿಂದ ಸರಿಸಿ, ಒಳಗೂ ಒಂದು ಬೊಟ್ಟು ಇಟ್ಟರು.

"ಅಯ್ಯೋ ಅಜ್ಜಿ, ಅಲ್ಲಿ ಬೇಡ!"

"ಬಾಗ್ಲು ಮುಚ್ಚಿದ್ರೆ ಒಳಗಿರೋ ಪತ್ರಿಕೆಗೆ ಅರಿಶಿನ ಎಂಗವ್ವ ತಾಕ್ತದೆ?"

ಹಿರಿಯರಿಗೆ ಎದುರಾಡುವ ಧೈರ್ಯ ನನಗೆ ಎಂದೂ ಇರಲಿಲ್ಲ. ಒರೆಸಿದೆ, ಊದಿದೆ, ಬಿಸಿಲಿಗಿಟ್ಟೆ, ಕಳಿಸಿದೆ. ಹಾಸನದ ಕಂಪ್ಯೂಟರಿನ ಬಾಯಲ್ಲಿ ಅದು ಕಚ್ಚಿಕೊಂಡಿತು. ಅದನ್ನು ಕೀಳುವುದಕ್ಕೆ ಮೇಷ್ಟ್ರು ಚಿಮ್ಮಟ ತರಬೇಕಾಯಿತು. ಅಂದು ಅಚ್ಚಾಗಬೇಕಿದ್ದ ನಾಲ್ಕು ಮನೆಗಳ ಪತ್ರಿಕೆಗಳು ನಿಂತುಹೋದವು.

ಮಾಲೀಕರು ಮೂರೂ ಅಂಗಡಿಯವರನ್ನು ಹಾಸನಕ್ಕೆ ಕರೆಸಿದರು. ಮೇಷ್ಟ್ರು ಒಂದು ಉಪಾಯ ತಂದಿದ್ದರು. ನಾಲ್ಕೂ ಕಂಪ್ಯೂಟರಿಗೆ ಫೋನಿನ ತಂತಿಯ ಮೂಲಕ ಇಂಟರ್ನೆಟ್ ಕೊಟ್ಟು, ಫೈಲು ಹಂಚಿಕೊಳ್ಳುವ ಸಾಫ್ಟ್‌ವೇರ್ ಹಾಕಿಬಿಟ್ಟರೆ ಫ್ಲಾಪಿಯೂ ಬೇಡ, ಬಸ್ಸೂ ಬೇಡ. ಅಂಥ ಸಾಫ್ಟ್‌ವೇರುಗಳು ಹಲವು ಇವೆ, ಮೂರನ್ನು ಪರೀಕ್ಷೆ ಮಾಡಿ ಒಂದನ್ನು ಆರಿಸೋಣ ಎಂದರು.

ಮಾಲೀಕರು ಒಪ್ಪಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಮ್ಮ, ಮೂರರಲ್ಲಿ ಚಿಕ್ಕ ಅಂಗಡಿ ನಿಂದು. ಕಾರ್ತೀಕದ ಲಗ್ನ ಶುರುವಾಗೋ ಹೊತ್ಗೆ ಅರಕಲಗೂಡಿಂದ ಫೈಲು ಸರಿಯಾಗಿ ಬಂದ್ರೆ ಸರಿ. ಬರ್ಲಿಲ್ಲ ಅಂದ್ರೆ ಅಂಗಡಿ ಮುಚ್ಚಿ ಆ ಕಂಪ್ಯೂಟರ್‌ನ ಚನ್ನರಾಯಪಟ್ಟಣಕ್ಕೆ ಕೊಟ್ಬುಡ್ತೀನಿ. ಅರಿಶಿನದ ಪುಡಿ ತಿನ್ನಿಸೋಕೆ ನಂಗೆ ಇನ್ನೊಂದು ಕಂಪ್ಯೂಟರ್ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನನ್ನ ಮೂಗಿಗೆ ಹೊಗೆಸೊಪ್ಪಿನ ವಾಸನೆ ಬಂತು.

೩. ಒಂಬತ್ತು ಎಲೆ

ಮೊದಲನೆಯ ಸಾಫ್ಟ್‌ವೇರನ್ನು ಶ್ರಾವಣದಲ್ಲಿ ಹಾಕಿದರು. ಅದರ ಗುಣ ಬಹಳ ಉದಾರವಾದದ್ದು. ಪರದೆಯಲ್ಲಿ ಕಾಣುವ ಅದರ ಪೆಟ್ಟಿಗೆಯಲ್ಲಿ ನಾವು ಏನನ್ನು ಇಟ್ಟರೂ ಪ್ರಪಂಚದಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಬೇರೆಯವರು ಇಟ್ಟದ್ದನ್ನು ನಾವೂ ತೆಗೆದುಕೊಳ್ಳಬಹುದು. ಚನ್ನರಾಯಪಟ್ಟಣದ ಆಪರೇಟರು ಹಾಡಿನ ಹುಚ್ಚಿನವರು. ಅವರಿಗೆ ಇದು ಬಹಳ ಹಿಡಿಸಿತು. ಒಂದು ವಾರದಲ್ಲಿ ಅವರಿಂದ ಹಾಸನಕ್ಕೆ ಒಂದು ಪತ್ರಿಕೆಯೂ ಹೋಗಲಿಲ್ಲ. ಅಂಗಡಿಯ ಮುಂದೆ ಮಾತ್ರ ಹಾಡು ಕೇಳುವವರ ಗುಂಪು ನೆರೆಯುತ್ತಿತ್ತು.

ಅರಕಲಗೂಡಿನಲ್ಲಿ ಇದನ್ನು ಪರೀಕ್ಷಿಸಿದ ದಿನ ಮಲ್ಲಿಪಟ್ಟಣದ ಕಡೆಯ ಒಬ್ಬ ರೈತರು ಮಗಳ ಮದುವೆ ಪತ್ರಿಕೆಯ ಕರಡು ನೋಡಲು ಬಂದಿದ್ದರು. ಮೇಷ್ಟ್ರು ಪರದೆ ನೋಡಿ ತಲೆ ಕೆರೆದುಕೊಂಡರು.

"ಇದನ್ನು ಹಾಸನದವರು ಇನ್ನೂ ತಗೊಂಡಿಲ್ಲ. ಆದರೆ ಬೇರೆ ಒಂಬತ್ತು ಜನ ತಗೊಂಡುಬಿಟ್ಟಿದ್ದಾರೆ!"

"ಯಾವ್ ಪತ್ರಿಕೇನ?" ಎಂದರು ರೈತರು.

"ನಿಮ್ಮದೇ."

"ಯಾರಂತೆ ಅವ್ರು? ಹೆಣ್ಣಿನ ಕಡೇರಾ, ಗಂಡಿನ ಕಡೇರಾ?"

"ಹೊರದೇಶದವರು. ಏನು ಎತ್ತ ಅಂತ ನೋಡದೆ ಸಿಕ್ಕಿದ್ದೆಲ್ಲ ತಗೊಳ್ಳೋರು ಪ್ರಪಂಚದಲ್ಲಿ ಬಹಳ ಜನ ಇರ್ತಾರೆ, ಯಜಮಾನ್ರೆ."

ರೈತರು ಬೆರಳು ಮಡಿಸಿ ಒಂಬತ್ತರವರೆಗೆ ಎಣಿಸಿದರು. ಮಗಳ ಪತ್ರಿಕೆ ಕಂಡವರ ಪಾಲಾಯಿತಲ್ಲ, ಈಗ ಜಗಳವಾಗುತ್ತದೆ ಎಂದು ನಾನು ಕುರ್ಚಿಯಲ್ಲೇ ಕುಗ್ಗಿದೆ. ಅವರು ಕೇಳಿದ್ದು ಇಷ್ಟೇ: "ಒಂಬತ್ ಜನ ಅಂದ್ರೆ ಒಂಟಿಗರಾ, ಇಲ್ಲ ಮನೆಮಂದಿ ಸಮೇತನಾ?"

"ಅವರು ಬರೋದಿಲ್ಲ, ಯಜಮಾನ್ರೆ."

"ಪತ್ರಿಕೆ ಈಸ್ಕೊಂಡ್ ಮ್ಯಾಲೆ ಬರ್ದೆ ಇದ್ದಾರಾ? ಅದಿರ್ಲಿ, ಅವ್ರಿಗೆ ಮುದ್ದೆ ಆಯ್ತದಾ, ಅನ್ನಾನೇ ಆಗ್ಬೇಕಾ?"

ಮದುವೆಗೆ ನನ್ನನ್ನೂ ಕರೆದಿದ್ದರು. ಕೊನೆಯ ಪಂಕ್ತಿ ಏಳುವವರೆಗೂ ಗೋಡೆಯ ಕಡೆ ಒಂಬತ್ತು ಎಲೆಗಳನ್ನು ಹಾಸಿ, ನೀರು ಚಿಮುಕಿಸಿ, ಖಾಲಿ ಬಿಟ್ಟಿದ್ದರು. ಸಂಜೆ ಆ ಎಲೆಗಳನ್ನು ತೆಗೆಸುವಾಗ ರೈತರು ನನಗೆ ಸಮಾಧಾನ ಹೇಳಿದರು: "ಬೇಜಾರ್ ಮಾಡ್ಕಬ್ಯಾಡ ಕಣವ್ವ. ಎಲ್ಲೋ ಬಸ್ ತಪ್ಪಿರ್ಬೇಕು."

೪. ಒಂದೇ ಪೊರಕೆ

ಎರಡನೆಯ ಸಾಫ್ಟ್‌ವೇರ್ ಬಂದದ್ದು ನವರಾತ್ರಿಗೆ. ಇದು ಕಂಡವರಿಗೆಲ್ಲ ಕೊಡುವಂಥದ್ದಲ್ಲ ಎಂದು ಮೇಷ್ಟ್ರು ಭರವಸೆ ಇತ್ತರು. ನಾಲ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಪೆಟ್ಟಿಗೆ. ಒಂದರಲ್ಲಿ ಇಟ್ಟದ್ದು ನಾಲ್ಕರಲ್ಲೂ ತಾನಾಗಿ ಬಂದು ಕೂರುತ್ತದೆ. ಅರಕಲಗೂಡಿನಲ್ಲಿ ನಾನು ಇಟ್ಟ ಪತ್ರಿಕೆ ಹಾಸನದಲ್ಲಿ ಕಾಣಿಸಿಕೊಂಡಾಗ ಮಾಲೀಕರು ಫೋನಿನಲ್ಲಿ "ಬಂತು ಕಣಮ್ಮ, ಬಂತು!" ಎಂದು ಕೂಗಿದರು. ಎಂಟು ದಿನ ನಾನು ಹಗುರಾಗಿ ಓಡಾಡಿದೆ.

ಒಂಬತ್ತನೆಯ ದಿನ ಆಯುಧಪೂಜೆ. ಹೊಳೆನರಸೀಪುರದ ಆಪರೇಟರು ಅರ್ಚಕರ ಮನೆತನದವರು, ಮಡಿವಂತರು. ಅಂದು ಅಂಗಡಿ ತೊಳೆದರು, ಕಂಪ್ಯೂಟರ್ ಒರೆಸಿದರು, ಹೂ ಮುಡಿಸಿದರು. ಹೊರಗೆ ಶುದ್ಧವಾದ ಮೇಲೆ ಒಳಗೆ ಕಸ ಇರಬಾರದಲ್ಲ? ಪೆಟ್ಟಿಗೆಯನ್ನು ತೆರೆದು, ತುಂಬಿಕೊಂಡಿದ್ದ ಪತ್ರಿಕೆಗಳನ್ನೆಲ್ಲ ಒಂದೇ ಏಟಿಗೆ ಅಳಿಸಿ, ಕರ್ಪೂರ ಹಚ್ಚಿದರು.

ಒಂದರಲ್ಲಿ ಇಟ್ಟದ್ದು ನಾಲ್ಕರಲ್ಲೂ ಬರುವುದಾದರೆ, ಒಂದರಲ್ಲಿ ಅಳಿಸಿದ್ದು ನಾಲ್ಕರಲ್ಲೂ ಅಳಿಯುತ್ತದೆ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಚನ್ನರಾಯಪಟ್ಟಣದವರು ಪರದೆಯ ಮುಂದೆಯೇ ಕುಳಿತಿದ್ದರು. ಅವರ ಕಣ್ಣೆದುರಿಗೇ ವಧೂವರರು ಒಂದೊಂದು ಜೊತೆಯಾಗಿ ಮಾಯವಾಗತೊಡಗಿದರು. ಗಾಬರಿಯಿಂದ ಪಕ್ಕದ ಅಂಗಡಿಗೆ ಓಡಿ, ಅಲ್ಲಿಂದ ನನಗೆ ಫೋನು ಮಾಡಿದರು.

"ಅಕ್ಕಾ, ಇಲ್ಲಿ ಮದುವೆಗೋಳೆಲ್ಲ ಮುರ್ಕೊಂಡ್ ಓಯ್ತಾವೆ ಕಣಕ್ಕ! ನಾನೇನೂ ಮುಟ್ಟಿಲ್ಲ, ನಿಮ್ಮಾಣೆ!"

ಆ ಕಾಲದಲ್ಲಿ ಫೋನು ಮತ್ತು ಇಂಟರ್ನೆಟ್ ಎರಡಕ್ಕೂ ಒಂದೇ ತಂತಿ. ನಮ್ಮ ತಂತಿಗೆ ಇನ್ನೊಂದು ಕರೆ ಬಂದರೆ ಇಂಟರ್ನೆಟ್ ಕಡಿದುಹೋಗುತ್ತಿತ್ತು. ಅದಕ್ಕಾಗಿ ಎಷ್ಟೋ ಸಲ ಬೈದುಕೊಂಡಿದ್ದೆ. ಅಂದು ಆ ಕರೆ ಬಂದ ಕ್ಷಣ ಅರಕಲಗೂಡಿನಲ್ಲಿ ಸಂಪರ್ಕ ಕಡಿಯಿತು. ಅಳಿಯುವುದು ಅರ್ಧಕ್ಕೇ ನಿಂತಿತು. ಏನು ತೋಚಿತೋ, ಮತ್ತೆ ಅಂಟಿಕೊಳ್ಳದಿರಲೆಂದು ತಂತಿಯನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದು, ಮೇಷ್ಟ್ರು ಬರುವವರೆಗೂ ಹಾಗೆಯೇ ಕುಳಿತಿದ್ದೆ. ಹಾಸನದಲ್ಲಿ ಒಂದೂ ಇರಲಿಲ್ಲ, ಹೊಳೆನರಸೀಪುರದಲ್ಲಿ ಇಲ್ಲ, ಚನ್ನರಾಯಪಟ್ಟಣದಲ್ಲಿ ಇಲ್ಲ. ಇಪ್ಪತ್ತಮೂರು ಮದುವೆಗಳು ಅರಕಲಗೂಡಿನಲ್ಲಿ ಮಾತ್ರ ಉಳಿದಿದ್ದವು.

ಹೊಳೆನರಸೀಪುರದವರು ಮಾಲೀಕರ ಮುಂದೆ ತಲೆ ತಗ್ಗಿಸಿ ನಿಂತು, "ಹಬ್ಬದ ದಿನ ಕಸ ಇರಬಾರದು ಅಂತ ಗುಡಿಸಿದೆ ಸಾರ್, ತಪ್ಪಾಯ್ತು" ಎಂದರು.

ಮಾಲೀಕರು ಕೈ ಮುಗಿದರು. "ಗುಡಿಸು ಸ್ವಾಮಿ, ಬೇಡ ಅನ್ನಲ್ಲ. ಒಂದೇ ಪೊರಕೆಗೆ ನಾಲ್ಕು ತಾಲ್ಲೂಕು ಗುಡಿಸಿಬಿಟ್ಟೆಯಲ್ಲ!"

೫. ಕೇಳಿ ಕೊಡುವುದು

ದೀಪಾವಳಿ ಕಳೆದ ಮೇಲೆ ಮತ್ತೆ ಹಾಸನದಲ್ಲಿ ಸೇರಿದೆವು. ಮೇಷ್ಟ್ರು ಮೂರನೆಯದನ್ನು ತೋರಿಸಿದರು. ಇದರಲ್ಲಿ ಯಾವ ಪೆಟ್ಟಿಗೆಯೂ ಇಲ್ಲ. ನಾನು ಫೈಲು ಕಳಿಸಿದರೆ ಹಾಸನದ ಪರದೆಯ ಮೇಲೆ ಒಂದು ಚೌಕ ಮೂಡಿ, ಇಂಥವರು ಕೊಡುತ್ತಿದ್ದಾರೆ, ಬೇಕೋ ಬೇಡವೋ ಎಂದು ಕೇಳುತ್ತದೆ. ಬೇಕು ಎಂದು ಒತ್ತಿದರೆ ಫೈಲು ಬರುತ್ತದೆ. ಒಂದೇ ತೊಡಕು: ಎರಡೂ ಕಡೆಯವರು ಒಂದೇ ಹೊತ್ತಿಗೆ ಕಂಪ್ಯೂಟರಿನ ಮುಂದೆ ಇರಬೇಕು.

"ಕೂತಿದಾರೋ ಇಲ್ವೋ ಅಂತ ಫೋನ್ ಮಾಡಿ ಕೇಳ್ಬೌದಲ್ಲ" ಎಂದರು ಮಾಲೀಕರು.

"ಫೋನ್ ಮಾಡಿದರೆ ಇಂಟರ್ನೆಟ್ ಹೋಗುತ್ತೆ, ಸಾರ್."

"ಇಂಟರ್ನೆಟ್ ಹಾಕಿದ್ರೆ?"

"ಫೋನ್ ಹೋಗುತ್ತೆ."

"ಒಟ್ನಲ್ಲಿ ಮಾತಾಡೋ ಹಂಗಿದ್ರೆ ಕಳ್ಸೋ ಹಂಗಿಲ್ಲ, ಕಳ್ಸೋ ಹಂಗಿದ್ರೆ ಮಾತಾಡೋ ಹಂಗಿಲ್ಲ! ಇದೇನ್ ಸಾಫ್ಟ್‌ವೇರೋ, ಸೊಸೆ ತವರೋ?"

ಚನ್ನರಾಯಪಟ್ಟಣದವರು ಮೊದಲನೆಯದೇ ಇರಲಿ ಎಂದರು, ಹಾಡು ಕೇಳುವುದಕ್ಕೆ. ಹೊಳೆನರಸೀಪುರದವರು ಎರಡನೆಯದೇ ಇರಲಿ, ಇನ್ನು ಗುಡಿಸುವುದಿಲ್ಲ ಎಂದರು. ಮಾಲೀಕರು ಎಂದೂ ಇಲ್ಲದಂತೆ ನನ್ನ ಮುಖ ನೋಡಿ, "ಇಪ್ಪತ್ತಮೂರು ಮದುವೆ ಉಳ್ಸಿದೋಳು ನೀನು. ನಿಂಗೇನನ್ಸುತ್ತೆ?" ಎಂದು ಕೇಳಿದರು.

ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ ನಾನು. ಮೇಜಿನ ಅಂಚನ್ನು ಹಿಡಿದುಕೊಂಡು ಹೇಳಿದೆ. "ಮೊದಲನೆಯದು ಕೇಳದೆ ಎಲ್ಲರಿಗೂ ಕೊಡುತ್ತದೆ, ಸಾರ್. ಎರಡನೆಯದು ಕೇಳದೆ ಎಲ್ಲರದನ್ನೂ ಕಿತ್ತುಕೊಳ್ಳುತ್ತದೆ. ಇದೊಂದೇ ಕೇಳಿ ಕೊಡುತ್ತದೆ. ಮನುಷ್ಯರಂತೆ ನಡೆದುಕೊಳ್ಳುತ್ತದೆ. ಹೊತ್ತು ಗೊತ್ತು ಮಾಡಿಕೊಂಡರೆ ಫೋನು ಬೇಕಾಗುವುದಿಲ್ಲ. ಬೆಳಗ್ಗೆ ಹತ್ತಕ್ಕೆ ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ."

ಮೇಷ್ಟ್ರು, "ನಾನು ಮೂರು ತಿಂಗಳು ಓದಿ ಹೇಳಿದ್ದನ್ನ ಇವರು ಮೂರು ಮಾತಲ್ಲಿ ಹೇಳಿದರು" ಎಂದರು. ಮಾಲೀಕರು ಮಾತ್ರ ಬೆರಳೆತ್ತಿದರು.

"ಆಗ್ಲಿ. ಸೋಮವಾರ ಬೆಳಗ್ಗೆ ಹತ್ತಕ್ಕೆ ಒಂದು ಮಾದರಿ ಫೈಲ್ ಕಳ್ಸು. ತಗೊಳಕ್ಕೆ ನಾನೇ ಕೂತಿರ್ತೀನಿ. ಬಂದ್ರೆ ಅಂಗಡಿ ಉಳೀತು. ಬರ್ದೆ ಹೋದ್ರೆ, ಆರಿಸಿದೋಳು ನೀನೇ, ಮತ್ತೆ ನನ್ನ ಬಯ್ಕೊಬಾರ್ದು."

ಸೊಸೆ ತವರಿನ ಮಾತಿಗೆ ಆಗ ನಗಲಾಗಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ನಗು ಬಂತು. ಪಕ್ಕದ ಸೀಟಿನವರು ಸರಿದು ಕುಳಿತರು.

೬. ಕೆಂಪು ಗುರುತು

ಮಾದರಿ ಫೈಲಿನಲ್ಲಿ ಏನು ಬರೆಯುವುದು ಎಂದು ಭಾನುವಾರವೆಲ್ಲ ಯೋಚಿಸಿದೆ. ಅಂಗಡಿ ಮುಚ್ಚಬೇಡಿ ಎಂದು ಮಾಲೀಕರ ಮುಖ ನೋಡಿ ಕೇಳುವುದು ನನ್ನಿಂದ ಆಗದ ಮಾತು. ಬರೆದು ಕೇಳಬಹುದಲ್ಲ ಎನಿಸಿತು. ಆದರೆ ನನಗೆ ಗೊತ್ತಿದ್ದ ಬರವಣಿಗೆ ಒಂದೇ. ಆದ್ದರಿಂದ ನನ್ನ ಕೋರಿಕೆಯು ಹೀಗೆ ಬಂತು:

"ಮಾನ್ಯರೇ, ಗುರುಹಿರಿಯರ ಆಶೀರ್ವಾದದಿಂದ ನಮ್ಮ ಅರಕಲಗೂಡಿನ ಅಂಗಡಿಯು ಇನ್ನು ಮುಂದೆಯೂ ತೆರೆದಿರುವಂತೆ ಹಿರಿಯರು ನಿಶ್ಚಯಿಸಿರುವುದರಿಂದ, ತಾವುಗಳು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ಕೆಲಸ ಕೊಟ್ಟು ಹರಸಬೇಕಾಗಿ ಪ್ರಾರ್ಥನೆ. ಸುಮುಹೂರ್ತ: ಪ್ರತಿದಿನ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ. ಸ್ಥಳ: ಅದೇ."

ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಕಳಿಸಿದೆ. ಇಂಗ್ಲಿಷು ನನಗೆ ಓದಲು ಬಾರದು. ಪರದೆಯ ಮಾತನ್ನು ಬಣ್ಣದಿಂದ ತಿಳಿಯುತ್ತಿದ್ದೆ. ಹಸಿರು ಬಂದರೆ ತೆಗೆದುಕೊಂಡರು, ಕೆಂಪು ಬಂದರೆ ಬೇಡವೆಂದರು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು.

ಕೆಂಪು ಬಂತು.

ಕೈ ತಪ್ಪಿರಬೇಕೆಂದು ಮತ್ತೆ ಕಳಿಸಿದೆ. ಕೆಂಪು. ಐದು ನಿಮಿಷ ಬಿಟ್ಟು ಮೂರನೆಯ ಸಲ ಕಳಿಸಿದೆ. ಈ ಸಲ ಮೊದಲಿಗಿಂತಲೂ ಬೇಗ ಕೆಂಪು ಬಂತು.

ಮಾಲೀಕರು ನನ್ನ ಪ್ರಾರ್ಥನೆಯನ್ನು ಓದಿದರು, ಬೇಡವೆಂದರು, ಒಂದಲ್ಲ ಮೂರು ಸಲ ಬೇಡವೆಂದರು ಎಂದು ನಾನು ತಿಳಿದೆ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದೆ. ಅಂಗಡಿಗೆ ಬೀಗ ಹಾಕಿದೆ. ಬೀಗದಕೈಯನ್ನು ಅವರ ಕೈಗೇ ಕೊಟ್ಟುಬರೋಣವೆಂದು ಹಾಸನದ ಬಸ್ಸು ಹತ್ತಿದೆ.

ಪ್ರೆಸ್ಸಿನ ಒಳಗೆ ಮಾಲೀಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಪ್ಯೂಟರಿನ ಮುಂದೆ ನೆಟ್ಟಗೆ ಕುಳಿತಿದ್ದರು. ಮೌಸಿನ ಮೇಲಿಂದ ಕೈ ತೆಗೆದಿರಲಿಲ್ಲ. ನನ್ನನ್ನು ಕಂಡು ಎದ್ದೇ ನಿಂತರು.

"ಇದೇನಮ್ಮ! ಫೈಲ್ ಕಳ್ಸು ಅಂದ್ರೆ ನೀನೇ ಬಂದ್ಬಿಟ್ಟಿದೀಯ? ಹತ್ತು ಗಂಟೆಯಿಂದ ಕಾಯ್ತಾ ಕೂತಿದೀನಿ, ಕಾಫಿಗೂ ಎದ್ದಿಲ್ಲ!"

ನಾನು ಬೀಗದಕೈಯನ್ನು ಮೇಜಿನ ಮೇಲಿಟ್ಟೆ. "ತಾವು... ಮೂರು ಸಲ... ಬೇಡ ಅಂದಿರಿ" ಎಂದೆ.

"ನಾನಾ? ನಿಂಗಾ? ಇಲ್ಲಪ್ಪ! ಅದ್ಯಾವನೋ ಇಂಗ್ಲಿಷ್ ಹೆಸ್ರಿನೋನು ಬೆಳಗ್ಗಿಂದ ಬಂದು ಬೇಕಾ ಬೇಕಾ ಅಂತ ಪ್ರಾಣ ತಿಂತಿದ್ದ. ಒಂದ್ಸಲ ಬೇಡ ಅಂದೆ, ಮತ್ತೆ ಬಂದ. ಮೂರನೇ ಸಲ ಬಾಯಿ ಬಿಡೋಕೂ ಬಿಡದಂಗೆ ಓಡಿಸ್ದೆ. ಅವನು ದಾರೀಲಿ ಅಡ್ಡ ನಿಂತಿದ್ರೆ ನಿನ್ ಫೈಲು ಹೆಂಗಮ್ಮ ಒಳಗ್ ಬರೋದು?"

ಅಷ್ಟರಲ್ಲಿ ಮೇಷ್ಟ್ರು ಬಂದರು. ಪರದೆಯಲ್ಲಿದ್ದ ಆ ಇಂಗ್ಲಿಷ್ ಹೆಸರನ್ನು ನೋಡಿದರು. ಅರಕಲಗೂಡಿನ ಅಂಗಡಿಗೆಂದು ಮೂರು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಸೇರಿಸಿ ಆ ಹೆಸರಿಟ್ಟವರು ಅವರೇ. ಅದನ್ನು ಮಾಲೀಕರಿಗೆ ಹೇಳಲು ಮರೆತವರೂ ಅವರೇ. "ಸಾರ್, ನೀವು ಓಡಿಸಿದ್ದು ಇವರನ್ನೇ" ಎಂದು ಮೆಲ್ಲಗೆ ಹೇಳಿದರು.

ಮಾಲೀಕರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. ಆಮೇಲೆ ಬೀಗದಕೈಯನ್ನು ನನ್ನ ಕಡೆ ತಳ್ಳಿದರು. "ನಾಲ್ಕು ಗಂಟೆ ಸರದಿ ಇನ್ನೂ ಐತೆ. ಹೋಗಿ ಅದೇ ಫೈಲ್ ಕಳ್ಸು. ಈ ಸಲ ಪ್ರಪಂಚದಲ್ಲಿ ಯಾರ್ ಬಂದು ಕೇಳಿದ್ರೂ ಬೇಕು ಅಂತೀನಿ!"

೭. ಅಚ್ಚಾದ ಮೇಲೆ

ಹಿಂದಿರುಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಅವರು ಇನ್ನೂ ಓದಿಲ್ಲ. ಆ ಪ್ರಾರ್ಥನೆಯನ್ನು ಅಳಿಸಿ ಯಾವುದಾದರೂ ನಾಮಕರಣದ ಪತ್ರಿಕೆ ಕಳಿಸಿದರೆ ಮರ್ಯಾದೆ ಉಳಿಯುತ್ತದೆ. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಅಳಿಸಲೆಂದು ಬೆರಳು ಇಟ್ಟದ್ದೂ ಉಂಟು. ಆದರೆ ಮೂರು ಸಲ ಬೇಡ ಎನಿಸಿಕೊಂಡೂ ಬದುಕಿದ್ದೇನೆ, ನಾಲ್ಕನೆಯದಕ್ಕೆ ಹೆದರುವುದೇನು ಎನಿಸಿತು. ಅದನ್ನೇ ಕಳಿಸಿದೆ.

ಹಸಿರು ಬಂತು. ನಾನು ಕುರ್ಚಿಯಿಂದ ಎದ್ದು, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಮತ್ತೆ ಕುಳಿತೆ.

ಆಮೇಲೆ ಏನೂ ಸುದ್ದಿಯಿಲ್ಲ. ಮರುದಿನ ಮಧ್ಯಾಹ್ನ ಹಾಸನದಿಂದ ಒಂದು ಕಟ್ಟು ಬಂತು. ಬಿಚ್ಚಿದೆ. ಒಳ್ಳೆಯ ದಪ್ಪ ಕಾರ್ಡು, ಮೇಲೆ ಚಿನ್ನದ ಬಣ್ಣದ ಗಣಪತಿ, ಕೆಳಗೆ ಕಲಶ, ಇಬ್ಬದಿಗೆ ಬಾಳೆಕಂಬ. ನಡುವೆ ಕೆಂಪು ಅಕ್ಷರದಲ್ಲಿ: "ನಮ್ಮ ಅರಕಲಗೂಡಿನ ಅಂಗಡಿಯು ಇನ್ನು ಮುಂದೆಯೂ ತೆರೆದಿರುವಂತೆ ಹಿರಿಯರು ನಿಶ್ಚಯಿಸಿರುವುದರಿಂದ..."

ಒಂದಲ್ಲ, ಎರಡಲ್ಲ. ಎಷ್ಟು ಪ್ರತಿ ಎಂದು ಬರೆಯದಿದ್ದರೆ ಐನೂರು ಹಾಕುವುದು ನಮ್ಮ ಪ್ರೆಸ್ಸಿನ ರೂಢಿ. ಐನೂರು ಇದ್ದವು.

ಕಟ್ಟನ್ನು ಮೇಜಿನ ಕೆಳಗೆ ತಳ್ಳಿದೆ. ಅದೇ ಹೊತ್ತಿಗೆ ಫೋನು ಬಂತು. ಮಾಲೀಕರು.

"ಕಟ್ಟು ಬಂತೇನಮ್ಮ?"

"ಬಂತು, ಸಾರ್. ತಪ್ಪಾಯ್ತು, ಸಾ..."

"ತಪ್ಪು ನಂದೇ. ಅರಕಲಗೂಡಿಂದು ಬಂದೇಟ್ಗೆ ಕಣ್ಮುಚ್ಕೊಂಡ್ ಹಾಕು ಅಂತ ಮಿಷನ್ನಿನೋನಿಗೆ ನಾನೇ ಹೇಳಿದ್ದೆ. ಅವನು ನಿಜವಾಗ್ಲೂ ಕಣ್ಮುಚ್ಕೊಂಡೇ ಹಾಕ್ಬಿಟ್ಟವ್ನೆ. ಇವತ್ತು ಬೆಳಗ್ಗೆ ನಾನು ಓದಿದ್ದು." ಆ ಕಡೆ ಕಾರ್ಡು ತಿರುಗಿಸಿದ ಸದ್ದಾಯಿತು. "ಅಲ್ಲಮ್ಮ, ಹಿರಿಯರು ನಿಶ್ಚಯಿಸಿದಾರೆ ಅಂತ ಹಾಕಿದೀಯಲ್ಲ, ಯಾರು ಆ ಹಿರಿಯರು?"

"ಗೊತ್ತಿಲ್ಲ, ಸಾರ್. ಕಾರ್ಡಿನಲ್ಲಿ ಯಾವಾಗಲೂ ಹಾಗೇ ಇರುತ್ತದೆ."

"ನಾನೇ ಇರ್ಬೇಕು ಅಂತ ನಮ್ಮನೆಯವ್ಳು ಹೇಳ್ತಾವ್ಳೆ."

ನಾನು ಕೇಳಿದೆ: "ಹಾಗಾದರೆ ಈ ಕಾರ್ಡುಗಳನ್ನು ಏನು ಮಾಡಲಿ, ಸಾರ್? ಸುಟ್ಟುಬಿಡಲೇ?"

"ಸುಡೋದಾ? ಹಂಚಮ್ಮ, ಊರಿಗೆಲ್ಲ ಹಂಚು! ಐನೂರು ಪತ್ರಿಕೆ ಅಚ್ಚಾದ್ಮೇಲೆ ಯಾವನಾದ್ರೂ ಮದುವೆ ನಿಲ್ಲಿಸ್ತಾನೇನಮ್ಮ?"